ಬಂಡೆ ಓದಿದವರಿಗೆ ಬೇಕಾದಷ್ಟು ಕೆಲಸ

ಡಿಗ್ರಿಗೆ ಜಿಯಾಲಜಿ ತೆಗೆದುಕೊಳ್ಳುತ್ತೇನೆ ಎಂದ ಮಕ್ಕಳಿಗೆ ಮನೆಯಲ್ಲಿ ಮೊದಲು ಎದುರಾಗುವ ಪ್ರಶ್ನೆ, ‘ಅದನ್ನು ಓದಿ ಏನಾಗ್ತೀಯ?’ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲಂತೂ ಭೂವಿಜ್ಞಾನಕ್ಕೂ ನೌಕರಿಗೂ ಸಂಬಂಧ ಕಡಿದುಹೋಯಿತು ಎಂದೇ ಬಹಳ ಜನ ನಂಬಿದ್ದಾರೆ. ಈ ಲೆಕ್ಕ ತಪ್ಪು. ಕರ್ನಾಟಕಕ್ಕೆ ಇವತ್ತು ಭೂವಿಜ್ಞಾನಿಗಳು ಚಿನ್ನಕ್ಕಿಂತ ಹೆಚ್ಚಾಗಿ ನೀರಿಗೆ ಬೇಕಾಗಿದ್ದಾರೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಕೊರೆಸಿಯೂ ಬರೀ ದೂಳು ಕಂಡ ರೈತರಿದ್ದಾರೆ. ಬೋರ್‌ವೆಲ್ ಲಾರಿ ಬರುವ ಮುನ್ನ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಬೇವಿನ ಕವಲುಕಡ್ಡಿ ಹಿಡಿದೋ ಯಾರಾದರೂ ಬಂದು ಪಾಯಿಂಟ್ ಮಾಡಿ ಹೋಗಿರುತ್ತಾರೆ. ಬಯಲುಸೀಮೆಯ ಈ ನೆಲದಡಿ ಇರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಅದನ್ನು ಹುಡುಕಲು ಒಂದು ಕ್ರಮವಿದೆ. ಉಪಗ್ರಹ ಚಿತ್ರದಲ್ಲಿ ಬಿರುಕು ಸಾಗಿರಬಹುದಾದ ಗೆರೆಗಳನ್ನು ಗುರುತಿಸಿಕೊಂಡು ಹೊಲಕ್ಕೆ ಹೋಗಬೇಕು. ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯಬೇಕು. ಹೊರಗಿನ ಗೂಟಗಳನ್ನು ದೂರ ಸರಿಸಿದಷ್ಟೂ ಆಳದ ಸುಳಿವು ಸಿಗುತ್ತದೆ. ಒಣ ಬಂಡೆ ವಿದ್ಯುತ್ತಿಗೆ ಭಾರೀ ತಡೆ ಒಡ್ಡುತ್ತದೆ, ನೀರು ತುಂಬಿದ ಬಿರುಕಿನಲ್ಲಿ ತಡೆ ಇಳಿಯುತ್ತದೆ. ನೂರಕ್ಕೆ ನೂರು ಖಾತ್ರಿ ಇದರಲ್ಲೂ ಇಲ್ಲ. ಆದರೆ ‘ಇಲ್ಲಿ ಕೊರೆಸಬೇಡಿ’ ಎಂದು ಆಧಾರಸಹಿತ ಹೇಳಬಲ್ಲವರು ಒಂದು ಕುಟುಂಬವನ್ನು ಸಾಲದಿಂದ ಉಳಿಸುತ್ತಾರೆ. ಈ ಓದಿನಿಂದ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ ಎಂದು ನನಗನ್ನಿಸುವುದಿಲ್ಲ.

ಇಂಥ ಕೆಲಸಕ್ಕೆ ರಾಜ್ಯದ ಅಂತರ್ಜಲ ನಿರ್ದೇಶನಾಲಯವಿದೆ, ಕೇಂದ್ರ ಅಂತರ್ಜಲ ಮಂಡಳಿಯಿದೆ, ಖಾಸಗಿ ಸಲಹಾ ಸಂಸ್ಥೆಗಳಿವೆ. ಕೇಂದ್ರದ ಹುದ್ದೆಗಳಿಗೆ ದಾರಿ ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ (ಜಿಎಸ್‌ಐ) ಅದೇ ಬಾಗಿಲು. ಸ್ನಾತಕೋತ್ತರ ಪದವಿ ಬೇಕು. ಐಎಎಸ್ ಪರೀಕ್ಷೆಗೆ ವರ್ಷಗಟ್ಟಲೆ ಕೂರುವ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಇಂಥದ್ದೊಂದು ಪರೀಕ್ಷೆ ಇರುವುದೇ ಗೊತ್ತಿಲ್ಲವೆಂಬುದು ಬೇಸರದ ಸಂಗತಿ.

ಭೂವಿಜ್ಞಾನಿಗಳು ಬೇಕಾಗಿರುವುದು ನೀರಿಗೆ ಮಾತ್ರವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದು ಜೀವಗಳು ಹೋದವು. ಯಾವ ಇಳಿಜಾರನ್ನು ಎಷ್ಟು ಕಡಿಯಬಹುದು, ಮಳೆನೀರು ಎತ್ತ ಇಳಿಯಬೇಕು ಎಂದು ಗುತ್ತಿಗೆದಾರರಿಗೆ ಮೊದಲೇ ಹೇಳುವ ಭೂವಿಜ್ಞಾನಿಗಳು ಪ್ರತಿ ಘಟ್ಟದ ರಸ್ತೆಗೂ ಬೇಕು. ಅಣೆಕಟ್ಟು, ಸುರಂಗ, ಮೆಟ್ರೊ ಕಾಮಗಾರಿಗಳಿಗೂ ಇದೇ ಮಾತು.

ಹಾಗೆಂದು ಗಣಿ ಮುಗಿದ ಕಥೆಯಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಇನ್ನೂ ಹೊರಬರುತ್ತಿದೆ, ಸಂಡೂರಿನಲ್ಲಿ ಕಬ್ಬಿಣದ ಅದಿರು. ಕೊರೆದು ತೆಗೆದ ಕಲ್ಲಿನ ಉರುಳೆಗಳನ್ನು ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿ, ಭೂತಗನ್ನಡಿ ಹಿಡಿದು ಮೀಟರ್ ಮೀಟರ್ ಬರೆದಿಡುವುದು ಇಲ್ಲಿ ಹೊಸಬರ ಮೊದಲ ಪಾಠ. ಮಂಡ್ಯದ ಮರಳಗಾಲದಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆಯೆಂದು ಅಂದಾಜಿಸಿದವರು ಅಣು ಖನಿಜ ನಿರ್ದೇಶನಾಲಯದವರು. ಹೆಣ್ಣುಮಕ್ಕಳಿಗೆ ಮುಚ್ಚಿದ್ದ ನೆಲದಡಿಯ ಗಣಿಗಳ ತಾಂತ್ರಿಕ ಹುದ್ದೆಗಳು 2019ರಿಂದ ತೆರೆದಿವೆ.

ಓದಲು ದೂರ ಹೋಗಬೇಕಿಲ್ಲ. ಮೈಸೂರು, ಧಾರವಾಡ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ, ಮಂಗಳೂರಿನಲ್ಲಿ ಸಾಗರ ಭೂವಿಜ್ಞಾನವಿದೆ. ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ ಬರೆಯಬಹುದು. ಕಂಪ್ಯೂಟರಿನಲ್ಲಿ ನಕ್ಷೆ ರೂಪಿಸುವ ಜಿಐಎಸ್ ಕಲಿಯಿರಿ, ಆದರೆ ಕಂಪ್ಯೂಟರ್ ಮುಂದೆಯೇ ಕೂರುವ ಆಸೆಯಿದ್ದರೆ ಈ ವಿಷಯ ಬೇಡ. ಬಿಸಿಲಲ್ಲಿ ಸುತ್ತಿಗೆ ಹೊತ್ತು ನಡೆಯಲು ಕಾಲು ಗಟ್ಟಿಯಿರಬೇಕು.

ಸರ್ಕಾರಕ್ಕೂ ಒಂದು ಮನವಿ: ಪಶುವೈದ್ಯರು, ಕೃಷಿ ಅಧಿಕಾರಿಗಳು ಇರುವ ಹಾಗೆ ಬರಪೀಡಿತ ತಾಲ್ಲೂಕಿಗೊಬ್ಬ ಭೂವಿಜ್ಞಾನಿಯನ್ನು ನೇಮಿಸಿ. ಬೋರ್‌ವೆಲ್ ಲಾರಿ ಕರೆಸುವ ಮೊದಲು ರೈತ ಹೋಗಿ ಕೇಳಲು ಒಂದು ಕಚೇರಿ ಹತ್ತಿರದಲ್ಲೇ ಇರಲಿ.