ಸೀಸರನ ಯುದ್ಧ ಬರಹ ಮತ್ತು ಲ್ಯಾಟಿನ್ ಪರೀಕ್ಷೆಯ ಸಿದ್ಧತೆ

ಲ್ಯಾಟಿನ್ ಎಂದೊಡನೆ ನಮ್ಮ ಹಿರಿಯರಿಗೆ ಹಳೆಯ ಕಾಲದ ಬಲಿಪೂಜೆ ನೆನಪಾಗುತ್ತದೆ. ಗುರುಮಠದಲ್ಲಿ ಕಲಿತ ನಮ್ಮಂತಹವರಿಗೆ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು ನೆನಪಾಗುತ್ತವೆ. ಆದರೆ ಅಮೆರಿಕದ ಹೈಸ್ಕೂಲುಗಳಲ್ಲಿ ಇಂದಿಗೂ ಪ್ರತಿ ವರ್ಷ ಮೇ ತಿಂಗಳಲ್ಲಿ ಹದಿಹರೆಯದ ಮಕ್ಕಳು ಉನ್ನತ ಮಟ್ಟದ ಲ್ಯಾಟಿನ್ ಪರೀಕ್ಷೆ ಬರೆಯುತ್ತಾರೆ. ಇದಕ್ಕೆ ಎ.ಪಿ. ಲ್ಯಾಟಿನ್ ಎಂದು ಹೆಸರು. ನಡೆಸುವ ಸಂಸ್ಥೆ ಕಾಲೇಜ್ ಬೋರ್ಡ್. ಫಲಿತಾಂಶ 1ರಿಂದ 5ರ ಶ್ರೇಣಿಯಲ್ಲಿ ಬರುತ್ತದೆ. ಒಳ್ಳೆಯ ಶ್ರೇಣಿ ಪಡೆದವರಿಗೆ ಅನೇಕ ಕಾಲೇಜುಗಳು ಪದವಿಯ ಲೆಕ್ಕಕ್ಕೆ ಸೇರುವ ಅಂಕ ಕೊಡುತ್ತವೆ.

2012-13ನೇ ಶೈಕ್ಷಣಿಕ ವರ್ಷದಿಂದ 2024-25ರವರೆಗೆ ಈ ಪರೀಕ್ಷೆಗೆ ಎರಡು ಕೃತಿಗಳು ಕಡ್ಡಾಯವಾಗಿದ್ದವು. ಪದ್ಯಕ್ಕೆ ವರ್ಜಿಲನ 'ಈನಿಯಡ್', ಗದ್ಯಕ್ಕೆ ಜೂಲಿಯಸ್ ಸೀಸರನ 'ಗಾಲ್ ಯುದ್ಧ'. 2025-26ರಿಂದ ಸೀಸರನ ಸ್ಥಾನಕ್ಕೆ ಕಿರಿಯ ಪ್ಲಿನಿಯ ಪತ್ರಗಳು ಬಂದಿವೆ. ಆದರೂ ಮೊದಲು ಓದಿರದ ಗದ್ಯಭಾಗವನ್ನು ಅರ್ಥಮಾಡಿಕೊಳ್ಳುವ ಪ್ರಶ್ನೆಗಳು ಪರೀಕ್ಷೆಯಲ್ಲಿ ಇದ್ದೇ ಇವೆ. ಅದಕ್ಕೆ ಸೀಸರನಷ್ಟು ಒಳ್ಳೆಯ ತಾಲೀಮು ಬೇರೆ ಸಿಗುವುದು ಕಷ್ಟ.

ಸೀಸರನೇ ಏಕೆ?

ಈಗಿನ ಫ್ರಾನ್ಸ್, ಬೆಲ್ಜಿಯಂ ಮತ್ತು ಸುತ್ತಲಿನ ನಾಡುಗಳಿಗೆ ರೋಮನ್ನರು ಗಾಲ್ ಎನ್ನುತ್ತಿದ್ದರು. ಕ್ರಿ.ಪೂ. 58ರಿಂದ 52ರವರೆಗೆ ಅಲ್ಲಿ ತಾನು ನಡೆಸಿದ ಯುದ್ಧವನ್ನು ಸೀಸರ್ ಏಳು ಭಾಗಗಳಲ್ಲಿ ಬರೆದನು. ಎಂಟನೆಯ ಭಾಗವನ್ನು ಅವನ ಜೊತೆಗಾರ ಹಿರ್ಟಿಯಸ್ ಸೇರಿಸಿದನು. ಅಲಂಕಾರವಿಲ್ಲದ ಈ ಶೈಲಿಯನ್ನು ಮಹಾ ವಾಗ್ಮಿ ಸಿಸೆರೊ ಕೂಡ ಮೆಚ್ಚಿದ್ದನು. ಪಾಳೆಯ, ಪಡೆ, ಧಾನ್ಯ, ಒತ್ತೆಯಾಳು, ರಾಯಭಾರಿ ಮುಂತಾದ ಪದಗಳು ಮತ್ತೆ ಮತ್ತೆ ಬರುವುದರಿಂದ ಕೆಲವು ಅಧ್ಯಾಯ ಓದುವಷ್ಟರಲ್ಲಿ ನಿಘಂಟು ತೆರೆಯುವುದು ಕಡಿಮೆಯಾಗುತ್ತದೆ.

ಕನ್ನಡ ಬಲ್ಲವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಇಂಗ್ಲಿಷ್ ಮಾತನಾಡುವ ಮಕ್ಕಳಿಗೆ ವಿಭಕ್ತಿ ಎಂದರೆ ಹೊಸ ಲೋಕ. ನಮಗೆ ಪ್ರಥಮಾ, ದ್ವಿತೀಯಾ ಶಾಲೆಯಿಂದಲೇ ಪರಿಚಿತ. ಸೀಸರ್ ಸಾಮಾನ್ಯವಾಗಿ ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುತ್ತಾನೆ. ನಾವೂ ಹಾಗೆಯೇ ಮಾತನಾಡುತ್ತೇವೆ. 'ಮಳೆ ನಿಂತ ಮೇಲೆ ಹೊರಟೆವು' ಎಂಬಂತಹ ಕನ್ನಡದ ಜೋಡಣೆ ಅವನಲ್ಲಿ ಪುಟಪುಟಕ್ಕೂ ಸಿಗುತ್ತದೆ. ಉದಾಹರಣೆಗೆ 'ಉರ್ಬೆ ಕಾಪ್ಟಾ' ಎಂಬ ಎರಡೇ ಪದಗಳಿಗೆ 'ಪಟ್ಟಣ ವಶವಾದ ಮೇಲೆ' ಎಂದು ಅರ್ಥ.

ಹೇಗೆ ಓದಬೇಕು?

ದಿನಕ್ಕೆ ಹತ್ತು ಹದಿನೈದು ಸಾಲು ಸಾಕು. ಮೊದಲು ವಾಕ್ಯವನ್ನು ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಬಳಿಕ ಕ್ರಿಯಾಪದ ಹುಡುಕಿ, ಮಾಡಿದವರು ಯಾರು, ಯಾರಿಗೆ ಮಾಡಿದರು ಎಂದು ಗುರುತು ಹಾಕಬೇಕು. ಆಮೇಲೆ ಪದಕ್ಕೆ ಪದ ಹೊಂದುವಂತೆ ಅನುವಾದ ಬರೆಯಬೇಕು. ಪರೀಕ್ಷೆಯಲ್ಲಿ ಅಂದವಾದ ಭಾವಾನುವಾದಕ್ಕಿಂತ ಮೂಲಕ್ಕೆ ಅಂಟಿಕೊಂಡ ಅನುವಾದಕ್ಕೇ ಬೆಲೆ. ಏಕವಚನವನ್ನು ಬಹುವಚನ ಮಾಡಿದರೂ ಅಂಕ ಹೋಗುತ್ತದೆ. ವಿಶ್ಲೇಷಣೆಯ ಉತ್ತರ ಬರೆಯುವಾಗ ಪ್ರತಿ ಮಾತಿಗೂ ಲ್ಯಾಟಿನ್ ಮೂಲದಿಂದಲೇ ಆಧಾರ ಕೊಡಬೇಕು.

ಹೆಚ್ಚಿನವರು ಎಡವುವುದು ಪರೋಕ್ಷ ಮಾತಿನಲ್ಲಿ. ಕನ್ನಡದಲ್ಲಿ ಬೇರೆಯವರ ಮಾತು ಮುಗಿದಾಗ 'ಎಂದು' ಬರುತ್ತದೆ. ಲ್ಯಾಟಿನ್‌ನಲ್ಲಿ ಅಂತಹ ಗುರುತಿಲ್ಲ. ಕರ್ತೃವು ದ್ವಿತೀಯಾ ವಿಭಕ್ತಿಗೆ ತಿರುಗಿ, ಕ್ರಿಯಾಪದ ತನ್ನ ರೂಪ ಬದಲಿಸುತ್ತದೆ, ಅಷ್ಟೇ. ಐದನೆಯ ಭಾಗದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಕ್ರಿ.ಪೂ. 54ರ ಚಳಿಗಾಲದಲ್ಲಿ ಸಬಿನಸ್ ಮತ್ತು ಕೊಟ್ಟ ಎಂಬ ಇಬ್ಬರು ಅಧಿಕಾರಿಗಳ ಪಾಳೆಯಕ್ಕೆ ಎಬುರೋನರ ನಾಯಕ ಆಂಬಿಯೋರಿಕ್ಸ್ ಒಂದು ಸುದ್ದಿ ಮುಟ್ಟಿಸುತ್ತಾನೆ: ಜರ್ಮನರ ದೊಡ್ಡ ಪಡೆ ರೈನ್ ನದಿ ದಾಟಿದೆ, ಎರಡು ದಿನಗಳಲ್ಲಿ ಇಲ್ಲಿರುತ್ತದೆ, ನೀವು ಹೊರಟುಹೋಗಿ, ದಾರಿಯಲ್ಲಿ ತೊಂದರೆ ಮಾಡುವುದಿಲ್ಲ. ಕೊಟ್ಟ ಬೇಡವೆನ್ನುತ್ತಾನೆ. ಸಬಿನಸ್ ನಂಬುತ್ತಾನೆ. ಮಧ್ಯರಾತ್ರಿಯವರೆಗೆ ವಾದ ನಡೆದು, ಬೆಳಗಾಗುತ್ತಲೇ ಪಡೆ ಹೊರಡುತ್ತದೆ. ಕಣಿವೆಯಲ್ಲಿ ಹೊಂಚು ಕಾದಿದ್ದವರ ಕೈಗೆ ಸಿಕ್ಕಿ ಹೆಚ್ಚುಕಡಿಮೆ ಎಲ್ಲರೂ ನಾಶವಾಗುತ್ತಾರೆ. ವ್ಯಾಕರಣ ತಪ್ಪಿದ ವಿದ್ಯಾರ್ಥಿ ಆಂಬಿಯೋರಿಕ್ಸನ ಮಾತನ್ನೇ ನಡೆದ ಸಂಗತಿಯೆಂದು ಅನುವಾದಿಸುತ್ತಾನೆ. ಅಂದರೆ ಸಬಿನಸ್ ಮಾಡಿದ ತಪ್ಪನ್ನೇ ಅವನೂ ಮಾಡುತ್ತಾನೆ!

ಇಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆ ರಾತ್ರಿಯ ವಾದದ ವೇಳೆ ಸೀಸರ್ ಅಲ್ಲಿರಲಿಲ್ಲ. ಬದುಕುಳಿದ ಕೆಲವರು ಮಾತ್ರ ಕಾಡುದಾರಿ ಹಿಡಿದು ಬೇರೆ ಪಾಳೆಯ ಸೇರಿದ್ದರು. ಹಾಗಿರುವಾಗ ತಪ್ಪೆಲ್ಲ ಸತ್ತ ಸಬಿನಸನದೇ ಎಂಬ ಚಿತ್ರಣದಿಂದ ಯಾರಿಗೆ ಲಾಭ? ಆ ಪಡೆಯನ್ನು ಅಲ್ಲಿ ನಿಲ್ಲಿಸಿದವನು ಸೀಸರನೇ ಅಲ್ಲವೇ?

ಮರೆಯಬಾರದ ಲೆಕ್ಕ

ಸೀಸರ್ ತನ್ನ ಕಥೆ ಹೇಳುವಾಗ ಹೆಚ್ಚಾಗಿ 'ನಾನು' ಎನ್ನುವುದಿಲ್ಲ, 'ಸೀಸರ್' ಎನ್ನುತ್ತಾನೆ. ಇದರಿಂದ ಬರಹವು ಯಾರ ಪಕ್ಷವನ್ನೂ ಹಿಡಿಯದ ವರದಿಯಂತೆ ಕಾಣುತ್ತದೆ. ಎರಡನೆಯ ಭಾಗದ ಕೊನೆಯಲ್ಲಿ, ಕ್ರಿ.ಪೂ. 57ರಲ್ಲಿ, ಅಟುವಾಟುಕರ ಪಟ್ಟಣ ಶರಣಾಗುತ್ತದೆ. ರಾತ್ರಿ ಅಲ್ಲಿಯವರು ಮಾತು ಮುರಿದು ರೋಮನ್ನರ ಮೇಲೆ ಬೀಳುತ್ತಾರೆ. ಮರುದಿನ ಸೀಸರ್ ಇಡೀ ಪಟ್ಟಣವನ್ನು ಒಟ್ಟಾಗಿ ಮಾರಿಬಿಡುತ್ತಾನೆ. ಕೊಂಡವರು ತಿಳಿಸಿದ ತಲೆಗಳ ಲೆಕ್ಕ 53,000. ಮುಂದಿನ ವಾಕ್ಯದಲ್ಲಿ ಬೇರೆ ದಿಕ್ಕಿನ ಸುದ್ದಿ ಶುರುವಾಗುತ್ತದೆ. ಆ 53,000 ಮಂದಿಯಲ್ಲಿ ಮಕ್ಕಳೆಷ್ಟು, ತಾಯಂದಿರೆಷ್ಟು ಎಂಬ ಒಂದು ಪದವೂ ಇಲ್ಲ.

ಈ ಅಧ್ಯಾಯ ಪರೀಕ್ಷೆಯ ಪಠ್ಯದಲ್ಲಿ ಇರಲಿಲ್ಲ. ಆದರೂ ಸೀಸರನನ್ನು ಓದುವವರು ಇದನ್ನು ಓದದೆ ಬಿಡಬಾರದೆಂದು ನಾವು ಹೇಳುತ್ತೇವೆ. ವಾಕ್ಯ ಇಷ್ಟು ಸರಳವಾಗಿರುವುದರಿಂದಲೇ ಅದರ ಭಾರ ಓದುಗನಿಗೆ ತಟ್ಟದೆ ಹೋಗುತ್ತದೆ. 'ಪಟ್ಟಣ ವಶವಾದ ಮೇಲೆ' ಎಂದಾಗ ವಶಪಡಿಸಿಕೊಂಡವರು ಯಾರೆಂದು ವ್ಯಾಕರಣ ಹೇಳುವುದಿಲ್ಲ. ಅದನ್ನು ನಾವೇ ಕೇಳಬೇಕು.

ನಮಗೇನು ಪಾಠ?

ಗುರು ಅಭ್ಯರ್ಥಿಗಳು ಲ್ಯಾಟಿನ್ ಚೆನ್ನಾಗಿ ಅರಿತಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 249ನೇ ವಿಧಿ ಹೇಳುತ್ತದೆ. ಪ್ರಾರ್ಥನೆಯ ಪಠ್ಯಗಳ ಜೊತೆಗೆ ದಿನಕ್ಕೊಂದು ಪುಟ ಸೀಸರನನ್ನೂ ಓದಿದರೆ ಭಾಷೆ ಗಟ್ಟಿಯಾಗುತ್ತದೆ.

ಉಳಿದವರಿಗೂ ಇದರಿಂದ ಉಪಯೋಗವಿದೆ. ಯುದ್ಧದ ಸುದ್ದಿ ಓದುವಾಗ 'ಇಷ್ಟು ಮಂದಿ ಹತರಾದರು', 'ಗ್ರಾಮ ತೆರವಾಯಿತು' ಎಂಬ ಸಾಲುಗಳು ಕಣ್ಣಿಗೆ ಬೀಳುತ್ತವೆ. ಸುದ್ದಿ ಬರೆಯುವ ನಮ್ಮ ಕೈಯಿಂದಲೂ ಇಂತಹ ಸಾಲುಗಳು ಹೊರಟಿವೆ. ಕೊಂದವರು ಯಾರು, ತೆರವು ಮಾಡಿಸಿದವರು ಯಾರು, ಈ ಮಾತನ್ನು ಹೇಳುತ್ತಿರುವವರು ಯಾರು ಎಂದು ಒಮ್ಮೆ ಕೇಳಿಕೊಂಡು ಮುಂದೆ ಓದೋಣ.