ಹಾಡಿನ ರಫ್ತು: ಬೆಳೆದ ಊರಿನ ಹೆಸರೋ, ಬಂದರಿನ ಹೆಸರೋ?

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಬೈಲಹೊಂಗಲ, ಕಿತ್ತೂರು ಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮುನ್ನವೇ ಅದರ ಹಾಡು ಕಿವಿಗೆ ಬೀಳುತ್ತದೆ. ಚಾಲಕನ ಆಸನದ ಸುತ್ತ ಕಟ್ಟಿದ ಧ್ವನಿವರ್ಧಕಗಳು, ಯಂತ್ರದಿಂದ ಹೊರಟ ತಾಳ, ಅದರ ಮೇಲೆ ಅಪ್ಪಟ ಜವಾರಿ ಮಾತು. ಪ್ರಾಸ ಕಟ್ಟಿ, ತಾಳಕ್ಕೆ ತಕ್ಕಂತೆ ಏರಿಸಿ ಇಳಿಸಿ ಆಡುವ ಈ ಹಾಡುಗಳನ್ನು ಜನರು ಜಾನಪದವೆಂದೇ ಕರೆಯುತ್ತಾರೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಬಡಾವಣೆಯಲ್ಲಿ 1973ರ ಸುಮಾರಿಗೆ ಕಣ್ಣು ತೆರೆದು ಇಂದು ಜಗತ್ತಿನ ಬಹುದೊಡ್ಡ ಸಂಗೀತ ವ್ಯಾಪಾರಗಳಲ್ಲೊಂದಾಗಿ ಬೆಳೆದಿರುವ ಹಿಪ್‌ಹಾಪ್‌ನ ಗಾಯನ ಭಾಗವೂ, ಅಂದರೆ ರ‍್ಯಾಪ್ ಕೂಡ, ಮೂಲದಲ್ಲಿ ಇದೇ ಕಸುಬು: ತಾಳದ ಮೇಲೆ ಪ್ರಾಸಬದ್ಧ ಮಾತು.

ಹಾಗಾದರೆ ಈ ನೆಲದ ಇಂಥ ಹಾಡುಗಾರನ ಕಡೆಗೆ ಹೊರದೇಶದವರು ಕಿವಿಗೊಡುತ್ತಾರೆಯೇ? ಕಿವಿಗೊಟ್ಟರೆ ಅದರಿಂದ ಬರುವ ಹಣ ಯಾರ ಗಲ್ಲಾಪೆಟ್ಟಿಗೆ ಸೇರುತ್ತದೆ? ಮೊದಲನೆಯ ಪ್ರಶ್ನೆ ಕಲೆಗೆ ಸೇರಿದ್ದು. ಎರಡನೆಯದು ವ್ಯಾಪಾರಸ್ಥರಿಗೆ ಚೆನ್ನಾಗಿ ಪರಿಚಿತವಾದದ್ದು.

ಮೊದಲನೆಯದಕ್ಕೆ 2024ರಲ್ಲಿ ಒಂದು ಉತ್ತರ ದೊರೆಯಿತು. ಕೇರಳದಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೆಲೆನಿಂತು ಹಾಡುಗಾರನೆನಿಸಿಕೊಂಡ ಸೂರಜ್ ಚೆರುಕಾಟ್, ಹನುಮಾನ್‌ಕೈಂಡ್ ಎಂಬ ಹೆಸರಿನಲ್ಲಿ ಆ ವರ್ಷದ ಜುಲೈನಲ್ಲಿ ‘ಬಿಗ್ ಡಾಗ್ಸ್’ ಎಂಬ ಹಾಡನ್ನು ಹೊರತಂದರು. ಕೆಲವೇ ವಾರಗಳಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೇರಿತು. ಈ ಪಟ್ಟಿಗೆ ಲೆಕ್ಕ ಹಿಡಿಯುವುದು ಅಮೆರಿಕದೊಳಗಿನ ಕೇಳಿಕೆ, ಮಾರಾಟ ಮತ್ತು ಆಕಾಶವಾಣಿ ಪ್ರಸಾರಗಳನ್ನು ಮಾತ್ರ. ಭಾರತದಲ್ಲಿ ಕೋಟಿ ಜನ ಕೇಳಿದರೂ ಅಲ್ಲಿ ಒಂದು ಅಂಕವೂ ಹೆಚ್ಚುವುದಿಲ್ಲ. ಆದ್ದರಿಂದ ಇದನ್ನು ಇಲ್ಲಿನ ಅಭಿಮಾನಿಗಳ ಭರಾಟೆಯೆಂದು ತಳ್ಳಿಹಾಕುವಂತಿಲ್ಲ. ಅಲ್ಲಿನ ಗಿರಾಕಿಯೇ ಸರಕನ್ನು ಕೈಗೆತ್ತಿಕೊಂಡಿದ್ದಾನೆ. 2025ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದಲ್ಲಿಯೂ ಅವರು ಹಾಡಿದರು. ವೇದಿಕೆಯ ಮೇಲೆ ಕೇರಳದ ಚೆಂಡೆವಾದಕರಿದ್ದರು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಹಾಡಿನ ಭಾಷೆ ಇಂಗ್ಲಿಷ್. ಆದರೆ ಅದರ ದೃಶ್ಯವನ್ನು ಚಿತ್ರಿಸಿದ್ದು ಕೇರಳದ ಪೊನ್ನಾನಿಯಲ್ಲಿ, ಹಲಗೆಗಳ ದುಂಡುಗೋಡೆಯ ಮೇಲೆ ಕಾರು, ಮೋಟಾರ್ ಸೈಕಲ್ಲುಗಳು ಸುತ್ತುಹೊಡೆಯುವ ಸಾವಿನ ಬಾವಿಯೊಳಗೆ. ಜಾತ್ರೆಗಳಲ್ಲಿ ಟಿಕೇಟು ಕೊಂಡು ಮೇಲಿನ ಅಟ್ಟದಿಂದ ಬಗ್ಗಿ ನೋಡಿದವರಿಗೆ ಅದರಲ್ಲಿ ಹೊಸತೇನೂ ಇಲ್ಲ. ಅಮೆರಿಕದ ಪ್ರೇಕ್ಷಕ ಬೆರಗಾದದ್ದು ಬಹುಮಟ್ಟಿಗೆ ಅದಕ್ಕೇ. ಇಂಗ್ಲಿಷ್ ರ‍್ಯಾಪ್ ಅವನ ಊರಿನಲ್ಲಿಯೇ ಬೇಕಾದಷ್ಟಿದೆ. ಈ ಬಾವಿ ಅವನ ಊರಿನಲ್ಲಿ ಅಪರೂಪ.

ಕರ್ನಾಟಕದ ರ‍್ಯಾಪ್ ಗಾಯಕರ ಪೈಕಿ ಈ ಸೂಕ್ಷ್ಮವನ್ನು ಮೊದಲೇ ಅರಿತವರು ಬೆಂಗಳೂರಿನ ಬ್ರೋಧಾ ವಿ. 2012ರಲ್ಲಿ ಬಂದ ಅವರ ‘ಆತ್ಮ ರಾಮ’ದಲ್ಲಿ ಇಂಗ್ಲಿಷ್ ಸಾಲುಗಳ ನಡುವೆ ರಾಮಸ್ತುತಿ ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. ಕನ್ನಡದಲ್ಲಿಯೇ ಹಾಡಿದವರ ದಾರಿ ಬೇರೆಯಾಯಿತು. ಆಲ್ ಓಕೆ ಎಂದೇ ಹೆಸರಾದ ಅಲೋಕ್, 2016ರಲ್ಲಿ ‘3 ಪೆಗ್’ ಹಾಡಿನಿಂದ ಮನೆಮಾತಾದ ಚಂದನ್ ಶೆಟ್ಟಿ ಮೊದಲಾದವರು ಕನ್ನಡ ರ‍್ಯಾಪ್‌ಗೆ ನಾಡಿನೊಳಗೆ ದೊಡ್ಡ ಮಾರುಕಟ್ಟೆಯನ್ನೇ ನಿರ್ಮಿಸಿದರು. ಹೊರದೇಶದಲ್ಲಿ ಇವರನ್ನು ಕೇಳುವವರು ಮುಖ್ಯವಾಗಿ ಅಲ್ಲಿನ ಕನ್ನಡಿಗರು. ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ 2000ದಲ್ಲಿ ಹ್ಯೂಸ್ಟನ್‌ನಲ್ಲಿ ಆರಂಭಿಸಿದ ವಿಶ್ವ ಕನ್ನಡ ಸಮ್ಮೇಳನಗಳಂಥ ವೇದಿಕೆಗಳಿಗೆ ಇಲ್ಲಿಂದ ಕಲಾವಿದರು ಹೋಗಿಬರುತ್ತಾರೆ. ಅದೂ ಒಂದು ಮಾರುಕಟ್ಟೆಯೇ, ಹಗುರವಾಗಿ ಕಾಣತಕ್ಕದ್ದಲ್ಲ. ಮುಂಬಯಿಗೆ ಹೋದ ಬೈಲಹೊಂಗಲದ ಕುಟುಂಬ ಊರಿನಿಂದಲೇ ಖಾರದಪುಡಿ ತರಿಸಿಕೊಂಡರೆ ಅದು ವ್ಯಾಪಾರವಲ್ಲವೇ? ವ್ಯಾಪಾರವೇ ಸರಿ, ಆದರೆ ಅದರಿಂದ ಮುಂಬಯಿಯವರು ಬೈಲಹೊಂಗಲದ ಖಾರದಪುಡಿಗೆ ಮನಸೋತರೆಂದು ಹೇಳಲಾಗದು.

ನೂರನಲವತ್ತು ವರ್ಷಗಳ ಹಿಂದಿನ ರಫ್ತು

ಇಷ್ಟು ಹೇಳಿ ನಿಲ್ಲಿಸಿದರೆ ಈ ನಾಲ್ಕು ತಾಲೂಕುಗಳಿಗೆ ಅನ್ಯಾಯವಾದೀತು. ಪ್ರಾಸದ ಜಿದ್ದು ಇಲ್ಲಿಗೆ ಬ್ರಾಂಕ್ಸಿನಿಂದ ಬಂದದ್ದಲ್ಲ. ಇಬ್ಬರು ರ‍್ಯಾಪ್ ಗಾಯಕರು ಎದುರುಬದುರಾಗಿ ನಿಂತು ಸ್ಥಳದಲ್ಲಿಯೇ ಪ್ರಾಸ ಹೊಸೆದು ಪರಸ್ಪರ ಮಣಿಸಲು ಯತ್ನಿಸುವುದನ್ನು ಹೊಸ ತಲೆಮಾರು ಮೊಬೈಲಿನಲ್ಲಿ ನೋಡುತ್ತದೆ. ಹರದೇಶಿ ನಾಗೇಶಿ ಮೇಳಗಳು ಮಾಡುತ್ತ ಬಂದಿರುವುದಾದರೂ ಏನು? ಗಂಡು ಹೆಚ್ಚೆಂದು ವಾದಿಸುವ ಹರದೇಶಿ, ಹೆಣ್ಣು ಹೆಚ್ಚೆಂದು ವಾದಿಸುವ ನಾಗೇಶಿ, ದಪ್ಪು, ತುಂತುಣಿ, ತಾಳಗಳ ಮೇಲೆ ಹಾಡಿನಲ್ಲಿಯೇ ಪ್ರಶ್ನೆ, ಹಾಡಿನಲ್ಲಿಯೇ ಉತ್ತರ. ಬೆಳಗು ಹರಿಯುವವರೆಗೆ ಕುಳಿತ ಜನರೇ ಗೆದ್ದವರಾರು ಸೋತವರಾರು ಎಂದು ತೀರ್ಮಾನಿಸುವವರು.

ಈ ಹಾಡಿಕೆ ಹೊರನಾಡಿನವರ ಕಣ್ಣಿಗೆ ಬಿದ್ದದ್ದು ಇಂದು ನಿನ್ನೆಯಲ್ಲ. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದು ಶಾಸನತಜ್ಞರೆಂದು ಹೆಸರಾದ ಜಾನ್ ಫೇತ್‌ಫುಲ್ ಫ್ಲೀಟ್, ಈ ಸೀಮೆಯ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ ಅದರಲ್ಲಿದೆ. ಹಲಗಲಿಯ ಬೇಡರ ದಂಗೆಯದು ಇದೆ. ಆದಾಯ ತೆರಿಗೆ ಹೇರಿದ ಸಂಗತಿಯನ್ನು ಕುರಿತದ್ದೂ ಒಂದಿದೆ. ಈ ಪತ್ರಿಕೆಯ ಓದುಗರಿಗೆ ಅದರ ವಸ್ತು ಇನ್ನೂ ಹಳತಾಗಿರಲಾರದು! ಬೈಲಹೊಂಗಲದ ಸಂಗ್ಯಾನ ಕಥೆಯೂ ಅಲ್ಲಿದೆ. ಗೆಳೆಯ ಬಾಳ್ಯಾನ ನೆರವಿನಿಂದ ಪರಸ್ತ್ರೀಯ ಸಹವಾಸಕ್ಕೆ ಬಿದ್ದು ಕಡೆಗೆ ಕೊಲೆಯಾದ ಆ ಸಾಹುಕಾರನ ಕಥೆ ಮುಂದೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಉತ್ತರ ಕರ್ನಾಟಕದ ಬಯಲುಗಳನ್ನೆಲ್ಲ ತುಂಬಿತು. ಚಂದ್ರಶೇಖರ ಕಂಬಾರರ ಕೈಯಲ್ಲಿ ಆಧುನಿಕ ರಂಗಭೂಮಿಗೂ ಏರಿತು.

ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅದೇ ಸರ್ಕಾರದ ಅಧಿಕಾರಿಯೊಬ್ಬರು ಅರ್ಧ ಶತಮಾನ ಕಳೆಯುತ್ತಲೇ ಅವನ ಲಾವಣಿಯನ್ನು ಬರೆದುಕೊಂಡು ವಿದ್ವತ್ ಪತ್ರಿಕೆಗೆ ಕಳುಹಿಸಿದರು. ಊರೂರು ತಿರುಗುವ ಹಾಡುಗಾರರ ಬಾಯಲ್ಲಿ ಆ ಹಾಡು ಅಷ್ಟು ಬಲವಾಗಿ ಉಳಿದಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಗಮನ ದೊರೆಯಿತು, ನಿಜ. ಆದರೆ ಇಂದಿಗೂ ಗ್ರಂಥಾಲಯಗಳ ಸೂಚಿಗಳಲ್ಲಿ ಆ ಲಾವಣಿಗಳು ಫ್ಲೀಟ್ ಹೆಸರಿನ ಕೆಳಗೆ ಇವೆ.

ಸವದತ್ತಿಯ ಕಥೆಯೂ ಇದಕ್ಕೆ ಸಮೀಪ. ಎಲ್ಲಮ್ಮನ ಗುಡ್ಡದ ಚೌಡಿಕೆಯ ನಾದ ದೂರದ ವಿಶ್ವವಿದ್ಯಾಲಯಗಳನ್ನು ತಲುಪಿದೆ. ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದ ಸಂಗೀತ ವಿದ್ವಾಂಸ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 2000ರ ದಶಕದಲ್ಲಿ ಎಲ್ಲಮ್ಮನ ಭಕ್ತರ ಸಂಗೀತವನ್ನು ಕುರಿತು ‘ಮ್ಯೂಸಿಕ್ ಫಾರ್ ಎ ಗಾಡೆಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಗುಡ್ಡ ಹತ್ತುವ ಲಕ್ಷಾಂತರ ಭಕ್ತರ ಕಿವಿಗೆ ಈ ಪದಗಳು ನಿತ್ಯದ ಮಾತಿನಷ್ಟು ಸಹಜ. ಬಹುಶಃ ಅದೇ ಕಾರಣಕ್ಕೆ ಅವುಗಳಿಗೊಂದು ಬೆಲೆಯಿದೆಯೆಂಬುದು ಇಲ್ಲಿ ಬೇಗ ಹೊಳೆಯುವುದಿಲ್ಲ.

ಕುಮಟಾದ ಪಾಠ

ಬೈಲಹೊಂಗಲದ ಹತ್ತಿ ವ್ಯಾಪಾರಸ್ಥರಲ್ಲಿ ಹಿರಿಯರಾದವರು ‘ಕುಮಟಾ ಹತ್ತಿ’ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಜವಾರಿ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯ ಪೇಟೆಯಲ್ಲಿ, ಸಮುದ್ರದಾಚೆಯ ಲಿವರ್‌ಪೂಲಿನಲ್ಲಿ ಅದಕ್ಕೆ ಬಿದ್ದ ಹೆಸರು ‘ಕುಮ್ಟಾ’. ಕುಮಟಾದಲ್ಲಿ ಆ ಹತ್ತಿಯ ಒಂದು ಗಿಡವೂ ಬೆಳೆಯುತ್ತಿರಲಿಲ್ಲ. ಸರಕನ್ನು ಹಡಗಿಗೇರಿಸಿದ ಊರಿನ ಹೆಸರು ಉಳಿಯಿತು, ಬೆಳೆದ ಊರುಗಳ ಹೆಸರು ಅಳಿಸಿಹೋಯಿತು.

ಹಾಡಿನ ವ್ಯಾಪಾರದಲ್ಲಿ ಇಂದಿನ ಬಂದರುಗಳೆಂದರೆ ಧ್ವನಿಮುದ್ರಣ ಸಂಸ್ಥೆಗಳು ಮತ್ತು ಯೂಟ್ಯೂಬ್ ವಾಹಿನಿಗಳ ಮಾಲೀಕರು. ತಮಿಳುನಾಡಿನ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. 2021ರಲ್ಲಿ ಅರಿವು ಮತ್ತು ಧೀ ಹಾಡಿದ ‘ಎಂಜಾಯ್ ಎಂಜಾಮಿ’ ಜಗತ್ತಿನಾದ್ಯಂತ ಕೇಳಿಬಂತು. ಫ್ರಾನ್ಸಿನ ಡಿಜೆ ಸ್ನೇಕ್ ಅದರ ಮರುರೂಪವನ್ನೂ ಹೊರತಂದರು. ಅದೇ ವರ್ಷ ಸಂಗೀತ ಪತ್ರಿಕೆಯೊಂದು ಧೀ ಅವರನ್ನು ಮುಖಪುಟಕ್ಕೇರಿಸಿದಾಗ, ಸಾಹಿತ್ಯ ಬರೆದು ಹಾಡಿದ ಅರಿವು ಅಲ್ಲಿ ಇರಲಿಲ್ಲ. ಬಹಳ ಟೀಕೆ ಬಂದ ಮೇಲೆ ಅವರಿಗೂ ಒಂದು ಮುಖಪುಟ ದೊರೆಯಿತು. ಆ ಹಾಡಿನಿಂದ ತಮಗಾರಿಗೂ ಒಂದು ರೂಪಾಯಿಯೂ ಬಂದಿಲ್ಲವೆಂದು ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ 2024ರಲ್ಲಿ ಬಹಿರಂಗವಾಗಿ ಹೇಳಿದರು. ಹೆಸರಾಂತ ಸಂಗೀತ ನಿರ್ದೇಶಕರ ಪಾಡೇ ಹೀಗಾದರೆ ಸವದತ್ತಿಯ ಜಾತ್ರೆಯಲ್ಲಿ ಹಾಡುವವನ ಪಾಡನ್ನು ಊಹಿಸಬಹುದು.

ಕ್ಯಾಸೆಟ್ಟಿನ ಕಾಲದಿಂದಲೂ ಜಾನಪದ ಗಾಯಕರ ವ್ಯವಹಾರ ಬಹುಪಾಲು ಇಡಿಗಂಟಿನದು. ಹಾಡಿ, ಗೊತ್ತುಮಾಡಿದ ಹಣ ಪಡೆದು, ಕೈತೊಳೆದುಕೊಂಡು ಮನೆಗೆ ಬರುವುದು. ರಾಮದುರ್ಗದ ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲು ಕೊಟ್ಟವನಿಂದ ಮಜೂರಿ ಪಡೆದು ನೇಯುವವನಿಗೆ ಸೀರೆ ಎಷ್ಟಕ್ಕೆ ಮಾರಿದರೂ ಅಷ್ಟೇ; ಸ್ವಂತ ನೂಲು ಹಾಕಿ ನೇಯುವವನಿಗೆ ಮಾತ್ರ ಪೇಟೆಯ ಏರಿಳಿತದಲ್ಲಿ ಪಾಲು. ಹೊರದೇಶದ ಕೇಳುಗರು ಸೇರಿದಾಗ ಈ ವ್ಯತ್ಯಾಸ ಇನ್ನಷ್ಟು ದೊಡ್ಡದಾಗುತ್ತದೆ. ಒಂದೇ ಹಾಡನ್ನು ಬೈಲಹೊಂಗಲದಲ್ಲೊಬ್ಬ, ಷಿಕಾಗೋದಲ್ಲೊಬ್ಬ ನೋಡಿದರೆ, ಜಾಹೀರಾತಿನಿಂದ ಹೆಚ್ಚು ಆದಾಯ ಬರುವುದು ಸಾಮಾನ್ಯವಾಗಿ ಷಿಕಾಗೋದವನಿಂದ. ಆ ಆದಾಯ ಸೇರುವುದು ವಾಹಿನಿ ಯಾರ ಹೆಸರಿನಲ್ಲಿದೆಯೋ ಅವರಿಗೆ.

ಕಾನೂನು ಈ ವಿಷಯದಲ್ಲಿ ಹಾಡುಗಾರರು ತಿಳಿದಿರುವುದಕ್ಕಿಂತ ಹೆಚ್ಚು ಉದಾರವಾಗಿದೆ. 2012ರ ತಿದ್ದುಪಡಿಯ ನಂತರ, ಧ್ವನಿಮುದ್ರಣಕ್ಕೆ ತನ್ನ ಸಾಹಿತ್ಯವನ್ನೋ ರಾಗಸಂಯೋಜನೆಯನ್ನೋ ಕೊಟ್ಟವನು ತನ್ನ ರಾಯಧನದ ಸಮಪಾಲನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ ಆ ಬರಹ ಊರ್ಜಿತವಾಗದು. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಅಂಥ ಸಂಘವೆಂದರೆ 1969ರಲ್ಲಿ ಸ್ಥಾಪನೆಯಾಗಿ 2017ರಲ್ಲಿ ಮರುನೋಂದಣಿ ಪಡೆದ ಐಪಿಆರ್‌ಎಸ್. ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಇರತಕ್ಕದ್ದು, ಸಹಿ ಇರತಕ್ಕದ್ದು. ಬಾಯಿಮಾತಿನಲ್ಲಿ ಕೊಟ್ಟದ್ದು ಕೊಟ್ಟಂತಲ್ಲ. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷವೆಂದೇ ಲೆಕ್ಕ. ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರವೆಂದು ಲೆಕ್ಕ.

ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳಬಹುದು. ಜಗತ್ತಿನಾದ್ಯಂತ ಎಂಬ ಒಂದು ಪದವನ್ನು ಪತ್ರದಲ್ಲಿ ಸೇರಿಸಲು ಮರೆತ ಖರೀದಿದಾರನಿಗೆ ಸಮುದ್ರದಾಚೆಯ ಹಕ್ಕು ದೊರೆತಿರುವುದಿಲ್ಲ. ಅದು ಬರೆದವನಲ್ಲಿಯೇ ಉಳಿದಿರುತ್ತದೆ. ಹಾಗೆಯೇ, ಆ ಪದವಿರುವ ಕಾಗದಕ್ಕೆ ಓದದೆ ಸಹಿ ಹಾಕಿದವನು ಅದನ್ನು ಕೊಟ್ಟುಬಿಟ್ಟಿರುತ್ತಾನೆ. ಪರಂಪರೆಯ ಗೀಗೀ ಪದಕ್ಕೆ ಯಾರೂ ಒಡೆಯರಲ್ಲ. ಆದರೆ ಅದನ್ನು ಆಧರಿಸಿ ಹೊಸದಾಗಿ ಕಟ್ಟಿದ ಸಾಲುಗಳಿಗೂ, ಮಾಡಿದ ಮುದ್ರಣಕ್ಕೂ ಒಡೆತನವಿದೆ.

ಈ ಭಾಗದ ಅಂಗಡಿಕಾರರಿಗೆ ಹಾಡುಗಾರರ ಸಂಪರ್ಕ ಹೊಸದಲ್ಲ. ಜಾತ್ರೆ, ಗಣೇಶೋತ್ಸವಗಳ ಹಾಡಿಕೆಗೆ ಬೀಜ ಗೊಬ್ಬರದ ಅಂಗಡಿಯವರು, ಸರಾಫರು, ಬಟ್ಟೆ ವ್ಯಾಪಾರಸ್ಥರು ಹಣ ಕೊಡುತ್ತಲೇ ಬಂದಿದ್ದಾರೆ. ಪ್ರತಿಫಲವಾಗಿ ಫಲಕದ ಮೇಲೆ ಅಂಗಡಿಯ ಹೆಸರು ಬರುತ್ತದೆ. ಅದೇ ಸಂದರ್ಭದಲ್ಲಿ, ಧ್ವನಿಮುದ್ರಣಕ್ಕೂ ಹಣ ಕೊಡುವುದಾದರೆ, ಹಾಡು ಯಾರ ಹೆಸರಿನ ವಾಹಿನಿಗೆ ಏರುತ್ತದೆ, ಬರೆದವರು ಯಾರೆಂದು ಅಲ್ಲಿ ನಮೂದಾಗಿದೆಯೇ, ಕರಾರುಪತ್ರದಲ್ಲಿ ಅವಧಿ ಪ್ರದೇಶಗಳೇನು ಎಂದು ಕೇಳುವುದು ಲೆಕ್ಕಪತ್ರ ಬಲ್ಲವರಿಗೆ ಐದು ನಿಮಿಷದ ಕೆಲಸ. ಹತ್ತಿಯ ಪಟ್ಟಿಯಲ್ಲಿ ತೂಕವನ್ನೂ ದರವನ್ನೂ ನೋಡದೆ ಸಹಿ ಹಾಕುವ ವ್ಯಾಪಾರಸ್ಥ ಬೈಲಹೊಂಗಲದ ಪೇಟೆಯಲ್ಲಿ ಸಿಗಲಾರ. ಹಾಡುಗಾರ ಮಾತ್ರ ಬೆಳಗಿನ ಜಾವ, ರಾತ್ರಿಯಿಡೀ ಹಾಡಿ ಒಡೆದ ದನಿಯಲ್ಲಿ, ಎಲ್ಲಿ ಸಹಿ ಮಾಡಲಿ ಎಂದಷ್ಟೇ ಕೇಳುತ್ತಾನೆ.