ಹಳೇ ದೋಣಿ ಕೊಳ್ಳುವ ಮುನ್ನ ಎಂಜಿನ್ ಮುಟ್ಟಿ ನೋಡಿ

ಮಲ್ಪೆ ಕಡೆ ಹಳೇ ನಾಡದೋಣಿ ಮಾರಾಟಕ್ಕಿದೆ ಅಂದರೆ ಸಾಕು, ಸಾಲದ ದುಡ್ಡು ಕಿಸೆಯಲ್ಲಿಟ್ಟು ಓಡುವ ಹುಡುಗರಿದ್ದಾರೆ. ಹೊಸ ಬಣ್ಣಕ್ಕೆ ಮರುಳಾಗುತ್ತಾರೆ. ಬಣ್ಣ ಯಾರು ಬೇಕಾದರೂ ಹೊಡೀಬಹುದು ಸ್ವಾಮಿ!

ದುಡ್ಡು ಮುಳುಗುವುದು ಹಿಂದೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನಲ್ಲಿ. ಹೋದ ಕೂಡಲೇ ಅದನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿಟ್ಟಿದ್ದಾರೆ. ತಣ್ಣಗಾಗಲಿ, ಆಮೇಲೆ ಹಗ್ಗ ಎಳೆಯಿರಿ. ತಣ್ಣಗಿದ್ದಾಗ ಸ್ಟಾರ್ಟ್ ಆಗದ ಎಂಜಿನ್ ನಸುಕಿಗೆ ಕೈಕೊಡುತ್ತೆ. ಪರೀಕ್ಷೆ ನೀರಲ್ಲೇ ಆಗಬೇಕು, ದಡದಲ್ಲಲ್ಲ. ಈ ಎಂಜಿನ್ ತಂಪಾಗುವುದು ಕಡಲ ನೀರಿನಿಂದ. ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ಚಿಮ್ಮದಿದ್ದರೆ ಒಳಗೆ ಉಪ್ಪು ಕಟ್ಟಿದೆ, ಇಲ್ಲವೇ ಪಂಪಿನ ರಬ್ಬರ್ ಸವೆದಿದೆ. ರಬ್ಬರಿಗೆ ಖರ್ಚು ಕಡಿಮೆ. ಹಾಗೇ ಓಡಿಸಿದ್ದರೆ ಮಾತ್ರ ಪಿಸ್ಟನ್ನೇ ಹೋಗಿರುತ್ತೆ. ಕೆಳಗಿನ ಗೇರ್ ಆಯಿಲ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಎಣ್ಣೆ ಮಜ್ಜಿಗೆ ಥರ ಬೆಳ್ಳಗಿದ್ದರೆ ನೀರು ನುಗ್ಗಿದೆ.

ಎಂಜಿನ್ ಕೂರುವ ಹಿಂಬದಿ ಹಲಗೆಯನ್ನು ಬಡಿದು ನೋಡಿ. ಫೈಬರ್ ಒಳಗಿನ ಮರ ಕೊಳೆತಿದ್ದರೆ ಸದ್ದು ಮಂದ. ಅಂಥದ್ದಕ್ಕೆ ಚೌಕಾಸಿಯೇ ಬೇಡ, ಬಿಟ್ಟು ಬನ್ನಿ. ಅಲೆಯಲ್ಲಿ ಎಂಜಿನ್ ಕಳಚಿದರೆ ದಡ ಸೇರಿಸುವವರಾರು?

ನೋಂದಣಿ ಪತ್ರದ ನಂಬರೂ ಎಂಜಿನ್ ಮೇಲಿನ ನಂಬರೂ ತಾಳೆಯಾಗಲಿ. ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ಬದಲಾಗುವವರೆಗೆ ಪೂರ್ತಿ ಹಣ ಎಣಿಸಬೇಡಿ. ಮುಂಗಡ ಕೊಟ್ಟರೂ ರಸೀದಿ ಕೇಳಿ.